ಮಗುವನ್ನು ಯಾವ ಶಾಲೆಗೆ ಸೇರಿಸೋಣ?

(ಸುವರ್ಣ ಮಹೋತ್ಸವದ ಎರಡನೆಯ ದಿನ ನಡೆದ ಪೋಷಕರ ಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿ, ನಿವೃತ್ತ ಗಣಿತ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಿನ್ನೆಯಿಂದ ಹಳೆಯ ನೆನಪುಗಳ ಮಾತು ಬೇಕಾದಷ್ಟು ಆಗಿದೆ. ಕಂಬಳಿಕೊಪ್ಪೆ ಹಾಕಿಕೊಂಡು ಬಂದದ್ದು, ಕಾಲಿಗೆ ಹತ್ತಿದ ಇಂಬಳ ಕಿತ್ತು ತರಗತಿಗೆ ಹೋದದ್ದು, ಮೇಷ್ಟ್ರ ಬೆತ್ತ, ಎಲ್ಲವೂ ಬಂತು. ನನಗೆ ಸಮಿತಿಯವರು ಕೊಟ್ಟಿರುವ ವಿಷಯ ಬೇರೆ. ಮಕ್ಕಳನ್ನು ಸರ್ಕಾರಿ ಶಾಲೆಗೆ ಹಾಕುವುದೋ, ಖಾಸಗಿ ಶಾಲೆಗೆ ಕಳಿಸುವುದೋ ಎಂಬ ಬಗ್ಗೆ ನಾಲ್ಕು ಮಾತು ಹೇಳಿ ಎಂದರು. ಪೋಷಕರನ್ನು ಒಂದಿಷ್ಟು ಗದರಿಸಲಿ ಎಂಬ ಆಸೆ ಅವರಿಗೆ ಇದ್ದೀತು. ನಾನು ಗದರಿಸುವುದಿಲ್ಲ. ನಾನು ಮೇಷ್ಟ್ರಾಗಿದ್ದಾಗ ಮಗಳು ನಾನಿದ್ದ ಹಳ್ಳಿಯ ಸರ್ಕಾರಿ ಶಾಲೆಯಲ್ಲೇ ಏಳರವರೆಗೆ ಓದಿದಳು. ಮಗನ ಹೊತ್ತಿಗೆ ಪೇಟೆಗೆ ವರ್ಗವಾಗಿತ್ತು, ಮನೆ ಪಕ್ಕದಲ್ಲಿದ್ದ ಖಾಸಗಿ ಶಾಲೆಗೆ ಹೋದ. ಇಬ್ಬರೂ ಓದಿಕೊಂಡರು. ಸಭೆ ಮುಗಿದ ಮೇಲೆ ಕಾಫಿ ಕುಡಿಯುವಾಗ ಯಾರಾದರೂ ಕೇಳಿಯೇ ಕೇಳುತ್ತೀರಿ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಮೊದಲು ಒಂದು ವಿಷಯ ಗಮನಿಸೋಣ. ಸರ್ಕಾರಿಯೋ ಖಾಸಗಿಯೋ ಎಂದು ನಾವು ತೀರ್ಮಾನ ಮಾಡುವುದು ಯಾವಾಗ? ಮಗು ಒಂದನೇ ತರಗತಿಗೆ ಬಂದಾಗಲ್ಲ. ಮೂರೂವರೆ, ನಾಲ್ಕು ವರ್ಷಕ್ಕೇ ತೀರ್ಮಾನ ಆಗಿಹೋಗಿರುತ್ತದೆ. ಕೂಡುರಸ್ತೆಯಲ್ಲಿ ಬೆಳಗ್ಗೆ ಹಳದಿ ವ್ಯಾನ್ ಬಂದು ನಿಲ್ಲುತ್ತದೆ. ಪಕ್ಕದ ಮನೆಯ ಮಗು ಟೈ ಕಟ್ಟಿಕೊಂಡು ಹತ್ತುತ್ತದೆ. ನಮ್ಮ ಮಗುವೂ ಎಲ್‌ಕೆಜಿಗೆ ಹೋಗುತ್ತದೆ. ಸರ್ಕಾರಿ ಶಾಲೆಯ ಒಂದನೇ ತರಗತಿಯ ಬಾಗಿಲು ತೆರೆಯುವುದು ಆರು ವರ್ಷಕ್ಕೆ. ಅಷ್ಟರಲ್ಲಿ ಆ ಮಗುವಿಗೆ ಸ್ನೇಹಿತರಾಗಿರುತ್ತಾರೆ, ಎರಡು ವರ್ಷದ ಶುಲ್ಕ ಕಟ್ಟಿ ಆಗಿರುತ್ತದೆ, ‘ಈಗ ಯಾಕೆ ಬಿಡಿಸುವುದು’ ಎಂಬ ಮಾತು ಬರುತ್ತದೆ. ಎರಡು ಶಾಲೆಗಳನ್ನು ನೋಡಿ, ತೂಗಿ, ಒಂದನ್ನು ಆರಿಸಿದವರು ಈ ಸಭೆಯಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತುವುದು ಬೇಡ. ಹೆಚ್ಚಿನ ಮನೆಗಳಲ್ಲಿ ಆಯ್ಕೆ ಮಾಡಿದ್ದು ವ್ಯಾನು. ಅಂಗನವಾಡಿ ಇದೆ, ನಿಜ. ಕೆಲವು ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಸರ್ಕಾರವೇ ಎಲ್‌ಕೆಜಿ, ಯುಕೆಜಿ ನಡೆಸುತ್ತಿದೆ. ಅದು ಎಲ್ಲ ಊರಿಗೂ ಬರುವತನಕ ಈ ಎರಡು ವರ್ಷದ ಕಂದಕ ಹಾಗೆಯೇ ಇರುತ್ತದೆ. ಈ ಶಾಲೆಯ ಎಂಟನೇ ತರಗತಿಯಲ್ಲಿ ಎಷ್ಟು ಮಕ್ಕಳು ಕೂರುತ್ತಾರೆ ಎಂಬುದರ ಉತ್ತರ ಇರುವುದೂ ಆ ಕಂದಕದಲ್ಲೇ.

ಇಂಗ್ಲಿಷಿನ ಆಸೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದರಲ್ಲಿ ವಾದ ಮಾಡುವಂಥದ್ದು ಈಗ ಹೆಚ್ಚು ಉಳಿದಿಲ್ಲ. ಒಂದರಿಂದ ನಾಲ್ಕರವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕು ಎಂದು ಸರ್ಕಾರ 1994ರಲ್ಲಿ ಆದೇಶ ಮಾಡಿತು. ಇಪ್ಪತ್ತು ವರ್ಷ ಕೋರ್ಟಿನಲ್ಲಿ ಅಲೆದು, 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಯಾವ ಮಾಧ್ಯಮದಲ್ಲಿ ಓದಿಸಬೇಕೆಂದು ಸರ್ಕಾರ ಹೇರುವಂತಿಲ್ಲ ಎಂದಿತು. 2007–08ರಿಂದ ಸರ್ಕಾರಿ ಶಾಲೆಯಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗವನ್ನೇ ತೆರೆದರು. ಎಸ್ಟೇಟ್ ಲೈನಿನಲ್ಲಿರುವ ತಾಯಿ ತನ್ನ ಮಗಳು ಇಂಗ್ಲಿಷ್ ಮಾತಾಡಲಿ ಎಂದು ಆಸೆಪಟ್ಟರೆ ಅದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಕೇಳುವುದು ಇಷ್ಟೇ: ದುಡ್ಡು ಕೊಟ್ಟ ಕಡೆ ಆ ಇಂಗ್ಲಿಷ್ ಮಗುವಿಗೆ ಸಿಗುತ್ತಿದೆಯೇ? ಬದಲಿಗೆ ಏನು ಕೊಡುತ್ತಿದ್ದೇವೆ?

ಮೊದಲು ಹೊತ್ತಿನ ಲೆಕ್ಕ ಹಾಕೋಣ. ಗಣಿತದ ಮೇಷ್ಟ್ರು, ಲೆಕ್ಕ ಬಿಟ್ಟರೆ ನನಗೆ ಮಾತಿಲ್ಲ. ಸಕಲೇಶಪುರಕ್ಕೋ ಸೋಮವಾರಪೇಟೆಗೋ ಶನಿವಾರಸಂತೆಗೋ, ಸುತ್ತಿ ಬಳಸಿ ಮಕ್ಕಳನ್ನು ಹತ್ತಿಸಿಕೊಂಡು ಹೋಗುವ ವ್ಯಾನಿಗೆ ನಮ್ಮ ಈ ತಿರುವಿನ ರಸ್ತೆಯಲ್ಲಿ ಒಂದು ಕಡೆಗೆ ಒಂದು ಗಂಟೆ ಎಂದೇ ಹಿಡಿಯಿರಿ. ಹೋಗಿಬರಲು ಎರಡು ಗಂಟೆ. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಎಂದು ಹೇಳುತ್ತದೆ. ದಿನಕ್ಕೆ ಎರಡು ಗಂಟೆಯಂತೆ 200 ದಿನಕ್ಕೆ 400 ಗಂಟೆ. ಅಂದರೆ ಮಗು ಪಾಠ ಕೇಳುವ ಹೊತ್ತಿನ ಅರ್ಧದಷ್ಟನ್ನು ವ್ಯಾನಿನಲ್ಲಿ ಕಳೆಯುತ್ತದೆ. ಬೆಳಗ್ಗೆ ಏಳಕ್ಕೆ ರಸ್ತೆಗೆ ಬಂದು ನಿಂತ ಏಳು ವರ್ಷದ ಮಗು ಸಂಜೆ ಬಂದು ಊಟಕ್ಕೆ ಕೂತಲ್ಲೇ ತೂಕಡಿಸುವುದನ್ನು ನೀವೆಲ್ಲ ನೋಡಿದ್ದೀರಿ. ಜೂನ್, ಜುಲೈ, ಆಗಸ್ಟ್ ತಿಂಗಳಲ್ಲಿ ಈ ರಸ್ತೆ ಹೇಗಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಇದಕ್ಕೆ ಎದುರು ಮಾತೂ ಇದೆ. ‘ಮೇಷ್ಟ್ರೇ, ಆನೆ ಇದೆಯಲ್ಲ, ಮಗುವನ್ನು ಎರಡು ಮೈಲಿ ತೋಟದ ದಾರಿಯಲ್ಲಿ ನಡೆಸಿ ಕಳಿಸುವುದಾ? ವ್ಯಾನಾದರೆ ಮನೆ ಬಾಗಿಲಿಗೆ ಬರುತ್ತದೆ’ ಎನ್ನುತ್ತಾರೆ. ಸರಿಯಾದ ಮಾತು. ಸಕಲೇಶಪುರ, ಆಲೂರು ಕಡೆ ಇಂದು ಶಾಲೆ ಆರಿಸುವಾಗ ಕಾಡಾನೆಯನ್ನು ಬಿಟ್ಟು ಮಾತಾಡಿದರೆ ಅದು ಪೇಟೆಯವರ ಮಾತಾಗುತ್ತದೆ. ನಾವು ನಡೆದು ಬರುತ್ತಿದ್ದ ಕಾಲದ ದಾರಿ ಈಗಿನ ಮಕ್ಕಳಿಗಿಲ್ಲ. ಖಾಸಗಿ ಶಾಲೆಯವರು ಗೆದ್ದಿರುವುದು ಪಾಠದಲ್ಲಿ ಎನ್ನುವುದಕ್ಕಿಂತ ಈ ವ್ಯಾನಿನಲ್ಲಿ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಈ ಮಾತಿಗೆ ಆಮೇಲೆ ಬರುತ್ತೇನೆ.

ಇನ್ನು ದುಡ್ಡು. ನಿಮ್ಮ ನಿಮ್ಮ ಮನೆಯ ಲೆಕ್ಕ ನಿಮಗೇ ಗೊತ್ತು, ನಾನು ಸುಮ್ಮನೆ ಒಂದು ಉದಾಹರಣೆ ಹಿಡಿಯುತ್ತೇನೆ. ಶುಲ್ಕ ವರ್ಷಕ್ಕೆ 30,000, ವ್ಯಾನಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000. ಒಟ್ಟು 45,000. ಎಲ್‌ಕೆಜಿಯಿಂದ ಹತ್ತನೇ ತರಗತಿಗೆ ಹನ್ನೆರಡು ವರ್ಷ. 5,40,000 ಆಯಿತು. ಇದು ಶುಲ್ಕ ಒಂದು ರೂಪಾಯಿಯೂ ಏರದೆ ಇದ್ದರೆ. ಪುಸ್ತಕ, ಬೂಟು, ಸಮವಸ್ತ್ರ ಬೇರೆ. ಇಬ್ಬರು ಮಕ್ಕಳಿದ್ದರೆ ಎರಡರಿಂದ ಗುಣಿಸಿ. ಕಾಫಿಗೆ ಒಳ್ಳೆ ಬೆಲೆ ಬಂದ ವರ್ಷ ಇದು ಭಾರ ಎನಿಸುವುದಿಲ್ಲ. ಆದರೆ ಕಾಫಿ ದುಡ್ಡು ಕೈಗೆ ಬರುವುದು ಬೇಸಿಗೆಯಲ್ಲಿ, ಕೊಯ್ಲು ಮುಗಿದ ಮೇಲೆ. ಶುಲ್ಕದ ಚೀಟಿ ಬರುವುದು ಮೇ ಜೂನಿನಲ್ಲಿ. ಆ ಹೊತ್ತಿಗೆ ಮರಗಸಿ, ಗೊಬ್ಬರ, ಬೋರ್ಡೋ ಸಿಂಪಡಣೆ ಎಂದು ಇದ್ದದ್ದೆಲ್ಲ ತೋಟಕ್ಕೆ ಹೋಗಿರುತ್ತದೆ. ಎರಡು ಎಕರೆಯವರು ಸೊಸೈಟಿಯಲ್ಲೋ ಚೀಟಿಯಲ್ಲೋ ಎತ್ತಿ ಕಟ್ಟುತ್ತಾರೆ. ದಿನಗೂಲಿಯವರು ಮಾಲೀಕರ ಹತ್ತಿರ ಮುಂಗಡ ಕೇಳುತ್ತಾರೆ, ಆ ಮುಂಗಡ ತೀರುವವರೆಗೆ ಆ ತೋಟ ಬಿಡುವಂತಿಲ್ಲ.

ಹೀಗೆ ಕಟ್ಟಲಾರದೆ ಆರೋ ಏಳೋ ತರಗತಿಯಲ್ಲಿ ಮಗುವನ್ನು ಬಿಡಿಸಿ ತಂದವರನ್ನು ನಾನು ಬಹಳ ನೋಡಿದ್ದೇನೆ. ಬಾಕಿ ಇದೆ ಎಂದು ಟಿ.ಸಿ. ಕೊಡುವುದಿಲ್ಲ ಎನ್ನುತ್ತಾರೆ, ಮಗು ಮನೆಯಲ್ಲಿ ಕೂರುತ್ತದೆ. ಇಲ್ಲಿರುವ ತಾಯಂದಿರು ಇದೊಂದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಎಂಟನೇ ತರಗತಿವರೆಗೆ ಯಾವ ಸರ್ಕಾರಿ ಶಾಲೆಯೂ ಮಗುವನ್ನು ಸೇರಿಸಿಕೊಳ್ಳುವುದಿಲ್ಲ ಎನ್ನುವಂತಿಲ್ಲ. ಮಗುವನ್ನು ಕರೆದುಕೊಂಡು ನೇರವಾಗಿ ಮುಖ್ಯೋಪಾಧ್ಯಾಯರ ಹತ್ತಿರ ಬನ್ನಿ. ಇನ್ನೊಂದು, ಬಡವರ ಮಕ್ಕಳಿಗೆ ಖಾಸಗಿ ಶಾಲೆಯಲ್ಲಿ ಶೇ 25 ಸೀಟು ಎಂದು 2012–13ರಿಂದ ಇತ್ತಲ್ಲ, ಅದನ್ನು ನಂಬಿ ಈಗಲೂ ಕೆಲವರು ಅರ್ಜಿ ಹಿಡಿದು ಓಡಾಡುತ್ತಾರೆ. 2019ರಲ್ಲಿ ನಿಯಮ ಬದಲಾಗಿದೆ. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯವರು ಆ ಸೀಟು ಕೊಡಬೇಕಾಗಿಲ್ಲ.

ಸರಿ, ಇಷ್ಟು ಕೊಟ್ಟರೆ ಕಲಿಕೆ ಹೆಚ್ಚು ಸಿಗುತ್ತದೆಯೇ? ಖಾಸಗಿ ಶಾಲೆಯ ಫಲಿತಾಂಶ ಚೆನ್ನಾಗಿದೆ ಎಂದು ಹೇಳುವಾಗ ಒಂದು ತೊಡಕಿದೆ. ಅಲ್ಲಿಗೆ ಹೋಗುವ ಮಗುವಿನ ಅಪ್ಪ ಅಮ್ಮ ಸ್ವಲ್ಪ ಓದಿದವರು, ಮನೆಪಾಠಕ್ಕೂ ಕಳಿಸುವವರು. ಮಗು ಕಲಿತದ್ದು ಶಾಲೆಯಿಂದಲೋ ಮನೆಯಿಂದಲೋ ಬೇರೆ ಮಾಡುವುದು ಹೇಗೆ? ಪಕ್ಕದ ಆಂಧ್ರಪ್ರದೇಶದಲ್ಲಿ ಇದಕ್ಕೆ ಒಂದು ಒಳ್ಳೆಯ ಉಪಾಯ ಮಾಡಿದರು. 2008ರಿಂದ ಐದು ಜಿಲ್ಲೆಗಳ 180 ಹಳ್ಳಿಗಳಲ್ಲಿ, ಸರ್ಕಾರಿ ಶಾಲೆಯ ಮಕ್ಕಳ ಪೋಷಕರಿಂದ ಅರ್ಜಿ ಕರೆದು, ಲಾಟರಿ ಎತ್ತಿ, ಗೆದ್ದವರ ಮಕ್ಕಳಿಗೆ ಖಾಸಗಿ ಶಾಲೆಯ ಖರ್ಚು ಕೊಟ್ಟರು. ಲಾಟರಿ ಆದ್ದರಿಂದ ಗೆದ್ದವರ ಮನೆಗೂ ಸೋತವರ ಮನೆಗೂ ವ್ಯತ್ಯಾಸ ಇಲ್ಲ. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎರಡು ವರ್ಷಕ್ಕೊಮ್ಮೆ, ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ತೆಲುಗು ಮತ್ತು ಗಣಿತದಲ್ಲಿ ಎರಡೂ ಗುಂಪು ಒಂದೇ. ಖಾಸಗಿಗೆ ಹೋದ ಮಕ್ಕಳು ಚೆನ್ನಾಗಿ ಮುಂದಿದ್ದದ್ದು ಹಿಂದಿಯಲ್ಲಿ, ಅದನ್ನು ಸರ್ಕಾರಿ ಶಾಲೆಯಲ್ಲಿ ಆ ತರಗತಿಗೆ ಕಲಿಸುತ್ತಲೇ ಇರಲಿಲ್ಲ.

ಇದನ್ನು ಹೇಳಿ ಸರ್ಕಾರಿ ಶಾಲೆಯ ಬೆನ್ನು ತಟ್ಟಿದರೆ ಅರ್ಧ ಸತ್ಯ ಹೇಳಿದಂತೆ. ಅದೇ ಅಧ್ಯಯನದಲ್ಲಿ ಖಾಸಗಿ ಶಾಲೆಗಳು ತೆಲುಗು, ಗಣಿತಕ್ಕೆ ಕಡಿಮೆ ಹೊತ್ತು ಕೊಟ್ಟೂ ಸರ್ಕಾರಿ ಶಾಲೆಯ ಸಮಕ್ಕೆ ಬಂದಿದ್ದವು. ಒಂದು ಮಗುವಿಗೆ ಅವು ಮಾಡುತ್ತಿದ್ದ ಖರ್ಚು ಸರ್ಕಾರದ ಖರ್ಚಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಶಿಕ್ಷಕ ಬಂಧುಗಳು ಇದನ್ನೂ ಕೇಳಿಸಿಕೊಳ್ಳಬೇಕು.

ಪಠ್ಯದ ಬಗ್ಗೆ ಒಂದು ಭ್ರಮೆ ಇದೆ, ಸಿಬಿಎಸ್‌ಇ ಅಂದರೆ ಏನೋ ಬೇರೆಯದೇ ಗಣಿತ ಎಂದು. ನಮ್ಮ ರಾಜ್ಯ ಪಠ್ಯಕ್ರಮದ ಹತ್ತನೇ ತರಗತಿಯ ಗಣಿತ, ವಿಜ್ಞಾನ ಈಗ ಎನ್‌ಸಿಇಆರ್‌ಟಿ ಪುಸ್ತಕಗಳನ್ನೇ ಅಳವಡಿಸಿಕೊಂಡವು. ಇಲ್ಲಿನ ಮಗು ಕನ್ನಡದಲ್ಲಿ ಮಾಡುವ ವರ್ಗ ಸಮೀಕರಣವೂ ಅಲ್ಲಿನ ಮಗು ಇಂಗ್ಲಿಷಿನಲ್ಲಿ ಮಾಡುವುದೂ ಒಂದೇ.

ಈಗ ಬಹಳ ಜನಕ್ಕೆ ಪಿಯುಸಿ ಮುಗಿದ ಮೇಲೆ ಗೊತ್ತಾಗುವ ವಿಷಯ. ಸಿಇಟಿಯಲ್ಲಿ ವೃತ್ತಿ ಶಿಕ್ಷಣದ ಸೀಟುಗಳಿಗೆ ಗ್ರಾಮೀಣ ಅಭ್ಯರ್ಥಿಗಳೆಂದು ಶೇ 15, ಕನ್ನಡ ಮಾಧ್ಯಮದವರೆಂದು ಶೇ 5 ಮೀಸಲಾತಿ ಇದೆ. ಬೇರೆ ಷರತ್ತುಗಳೂ ಇವೆ, ಮುಖ್ಯವಾದದ್ದು ಇದು: ಒಂದರಿಂದ ಹತ್ತನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು, ಕನ್ನಡ ಮಾಧ್ಯಮಕ್ಕಾದರೆ ಹತ್ತೂ ವರ್ಷ ಕನ್ನಡದಲ್ಲಿ ಓದಿರಬೇಕು. ಮನೆ ಎಲ್ಲಿದೆ ಎಂದು ಕೇಳುವುದಿಲ್ಲ, ಶಾಲೆ ಎಲ್ಲಿತ್ತು ಎಂದು ಕೇಳುತ್ತಾರೆ. ವನಗೂರಿನ ಮನೆಯಲ್ಲಿ ಮಲಗಿ ಎದ್ದು ವ್ಯಾನಿನಲ್ಲಿ ಪುರಸಭೆ ವ್ಯಾಪ್ತಿಯ ಶಾಲೆಗೆ ಹೋಗಿಬಂದ ಮಗು ಕಾಗದದಲ್ಲಿ ಪೇಟೆಯ ಮಗು. ಒಂದೇ ಒಂದು ವರ್ಷ ಹೋಗಿದ್ದರೂ ಹಾಗೆಯೇ. ಹಳ್ಳಿಯಲ್ಲೇ ಇರುವ ಖಾಸಗಿ ಶಾಲೆಯಾದರೆ ಗ್ರಾಮೀಣ ಮೀಸಲಾತಿಗೆ ತೊಂದರೆ ಇಲ್ಲ, ಇಂಗ್ಲಿಷ್ ಮಾಧ್ಯಮವಾದರೆ ಕನ್ನಡ ಮಾಧ್ಯಮದ್ದು ಹೋಗುತ್ತದೆ. ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಇದೆ. ಪೇಟೆಗೇ ಕಳಿಸುತ್ತೇನೆ ಎನ್ನುವವರು ಕಳಿಸಿ. ಆದರೆ ಇಂಥದ್ದೊಂದನ್ನು ಬಿಟ್ಟುಕೊಡುತ್ತಿದ್ದೇನೆ ಎಂದು ಮಗು ಎಲ್‌ಕೆಜಿಯಲ್ಲಿರುವಾಗ ಗೊತ್ತಿರಲಿ, ಹದಿನೆಂಟು ವರ್ಷಕ್ಕಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಸರ್ಕಾರಿ ಶಾಲೆಗಳ ಮಾತು. ಇದನ್ನು ನಾನು ಮೆಲ್ಲಗೆ ಹೇಳಲಾರೆ. ಮಲೆನಾಡಿನ ಮೂಲೆಯ ಶಾಲೆಗೆ ಬಂದ ಶಿಕ್ಷಕರು ಬಂದ ದಿನದಿಂದಲೇ ವರ್ಗಾವಣೆಗೆ ವರ್ಷ ಎಣಿಸುತ್ತಾರೆ. ಮನೆ ಸಿಗುವುದಿಲ್ಲ, ಬಸ್ಸು ಕಡಿಮೆ, ಅವರ ಕಷ್ಟವೂ ಕಷ್ಟವೇ. ಅವರು ಹೋದ ಜಾಗಕ್ಕೆ ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಶಾಲೆ ಶುರುವಾಗಿ ವಾರಗಳು ಕಳೆದಿರುತ್ತವೆ. ಒಂದು ವರ್ಷ ಗಣಿತಕ್ಕೆ ಮೇಷ್ಟ್ರಿಲ್ಲ, ಇನ್ನೊಂದು ವರ್ಷ ಇಂಗ್ಲಿಷಿಗೆ. ಪೋಷಕರು ಹೆದರಿ ಹೋದರೆ ಅದನ್ನು ವ್ಯಾಮೋಹ ಎಂದು ಕರೆಯುವುದು ಅನ್ಯಾಯ.

ಆದರೆ ಹೋಗುವಾಗ ಏನಾಗುತ್ತದೆ ಎಂಬುದನ್ನೂ ನೋಡಿ. ಕಾಯ್ದೆಯ ಅನುಸೂಚಿಯಲ್ಲಿ ಲೆಕ್ಕವಿದೆ: ಒಂದರಿಂದ ಐದನೇ ತರಗತಿಯಲ್ಲಿ ಒಟ್ಟು 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಒಂದು ಶಾಲೆಯಲ್ಲಿ 62 ಮಕ್ಕಳಿದ್ದಾರೆ, ನಾಲ್ಕು ಮಕ್ಕಳು ವ್ಯಾನ್ ಹತ್ತಿದರು ಎನ್ನಿ. ಮೂರನೆಯವರ ಹುದ್ದೆ ‘ಹೆಚ್ಚುವರಿ’ ಆಗುತ್ತದೆ, ಬೇರೆ ಶಾಲೆಗೆ ಹೋಗುತ್ತದೆ. ಉಳಿದ 58 ಮಕ್ಕಳ ಐದು ತರಗತಿಗೆ ಇಬ್ಬರು. ಅವರಲ್ಲೊಬ್ಬರು ಬಿಸಿಯೂಟದ ಲೆಕ್ಕ, ಮೀಟಿಂಗು, ಚುನಾವಣೆ ಕೆಲಸ ಎಂದು ಹೊರಗೆ. ಮುಂದಿನ ವರ್ಷ ಇನ್ನೂ ಹತ್ತು ಮಕ್ಕಳು ‘ಅಲ್ಲಿ ಮೇಷ್ಟ್ರೇ ಇಲ್ಲ’ ಎಂದು ಹೋಗುತ್ತಾರೆ, ಅವರ ಮಾತು ನಿಜವೂ ಆಗಿರುತ್ತದೆ. ಹೋಗಲಾರದೆ ಉಳಿಯುವವರು ಯಾರು? ಲೈನಿನ ಮಕ್ಕಳು, ಕೆಲಸಕ್ಕೆಂದು ದೂರದ ರಾಜ್ಯದಿಂದ ಬಂದು ಆರು ತಿಂಗಳಲ್ಲಿ ಬೇರೆ ತೋಟಕ್ಕೆ ಹೋಗುವವರ ಮಕ್ಕಳು. ಅವರ ಅಪ್ಪ ಅಮ್ಮ ಬಿಇಒ ಕಚೇರಿಗೆ ಹೋಗಿ ‘ಮೇಷ್ಟ್ರನ್ನು ಕೊಡಿ’ ಎಂದು ಕೇಳುವವರಲ್ಲ. ಕೇಳಬಲ್ಲವರ ಮಕ್ಕಳು ಅಲ್ಲಿಲ್ಲ.

ಸರ್ಕಾರಿ ಅಧಿಕಾರಿಗಳ ಮಕ್ಕಳೂ ಸರ್ಕಾರಿ ಶಾಲೆಯಲ್ಲೇ ಓದಬೇಕು ಎಂದು ಅಲಹಾಬಾದ್ ಹೈಕೋರ್ಟ್ 2015ರ ಆಗಸ್ಟಿನಲ್ಲಿ ತೀರ್ಪು ಕೊಟ್ಟಾಗ ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ವಾರ ಚರ್ಚೆ. ಎಲ್ಲ ಊರಿನ ಮಕ್ಕಳೂ ನೆರೆಯ ಒಂದೇ ಶಾಲೆಯಲ್ಲಿ ಓದಲಿ ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ತೀರ್ಪೂ ವರದಿಯೂ ಕಾಗದದಲ್ಲಿವೆ.

ಆದರೂ ಆಗುವುದೇ ಇಲ್ಲ ಎಂದು ನಾನು ಒಪ್ಪುವುದಿಲ್ಲ. ಕೊರೊನಾ ವರ್ಷ ನೆನಪಿಸಿಕೊಳ್ಳಿ. 2020ರ ಆಗಸ್ಟಿನಲ್ಲಿ ವಿದ್ಯಾಗಮ ಎಂದು ಶುರುವಾಯಿತು, ಅಕ್ಟೋಬರಿನಲ್ಲಿ ನಿಲ್ಲಿಸಿದರು. ಅಷ್ಟು ದಿನ ಸರ್ಕಾರಿ ಶಾಲೆಯ ಮೇಷ್ಟ್ರು, ಮೇಡಂಗಳು ಮಾಸ್ಕ್ ಹಾಕಿಕೊಂಡು ದೇವಸ್ಥಾನದ ಜಗಲಿ, ಮರದ ಕೆಳಗೆ ಎಂದು ಮಕ್ಕಳಿದ್ದಲ್ಲಿಗೇ ಹೋದರು. ಬೆಟ್ಟದ ಮೇಲೆ ಸಿಗ್ನಲ್ ಹುಡುಕುತ್ತಾ ಆನ್‌ಲೈನ್ ಪಾಠಕ್ಕೆ ಶುಲ್ಕ ಕಟ್ಟುತ್ತಿದ್ದವರು ಇದನ್ನು ನೋಡಿದರು. ಅದರ ಮುಂದಿನ ವರ್ಷ ಮಕ್ಕಳು ಸರ್ಕಾರಿ ಶಾಲೆಗೆ ವಾಪಸು ಬಂದರು. ನಮ್ಮ ಗಡಿಯಾಚೆಯ ಕೇರಳದಲ್ಲೂ 2017ರಲ್ಲಿ ಸಾರ್ವಜನಿಕ ಶಿಕ್ಷಣ ಉಳಿಸುವ ಕಾರ್ಯಕ್ರಮ ಹಮ್ಮಿಕೊಂಡ ಮೇಲೆ ವರ್ಷ ವರ್ಷ ಇಳಿಯುತ್ತಿದ್ದ ದಾಖಲಾತಿ ಏರಿತು.

ಹಾಗಾದರೆ ಏನು ಮಾಡಬೇಕು ಎಂದರೆ, ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಏಳನೇ ತರಗತಿವರೆಗೆ ಹತ್ತಿರದ ಶಾಲೆ. ಒಂದು ಷರತ್ತಿನ ಮೇಲೆ: ಆ ಶಾಲೆಯೊಳಗೆ ನೀವು ಕಾಲಿಡಬೇಕು. ಎಸ್‌ಡಿಎಂಸಿ ಎಂಬುದು 2001ರಿಂದ ಇದೆ. ಅದರ ಸಭೆಗೆ ಬಂದು ಸಹಿ ಹಾಕಿ, ಟೀ ಕುಡಿದು ಹೋಗುವುದಾದರೆ ನನ್ನ ಮಾತು ಕೇಳಬೇಡಿ, ವ್ಯಾನಿಗೇ ಹಾಕಿ. ಹತ್ತಿರದ ಶಾಲೆಯಲ್ಲಿ ನಿಜಕ್ಕೂ ಪಾಠ ನಡೆಯುತ್ತಿಲ್ಲ, ಕೇಳಿಯೂ ಆಗಲಿಲ್ಲ ಎಂದರೆ ಮಗುವಿನ ವರ್ಷ ಹಾಳು ಮಾಡಿ ಸರ್ಕಾರಿ ಶಾಲೆ ಉಳಿಸಿ ಎಂದು ನಾನು ಯಾವ ತಾಯಿಗೂ ಹೇಳುವುದಿಲ್ಲ.

ಪಾಠ ನಡೆಯುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ನಾನು ಕೆಲಸ ಮಾಡಿದ ಶಾಲೆಗಳಲ್ಲಿ ಎಂಟನೇ ತರಗತಿಗೆ ಹೊಸದಾಗಿ ಬಂದ ಎಲ್ಲ ಮಕ್ಕಳಿಗೂ ಮೊದಲ ವಾರ ಒಂದು ಪುಟ ಓದಿಸುತ್ತಿದ್ದೆ, ಎರಡು ಲೆಕ್ಕ ಕೊಡುತ್ತಿದ್ದೆ. ದಶಕ ತೆಗೆದುಕೊಂಡು ಕಳೆಯುವುದು ಒಂದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು ಇನ್ನೊಂದು. ಪ್ರಥಮ್ ಸಂಸ್ಥೆಯವರು 2005ರಿಂದ ಅಸರ್ ಸಮೀಕ್ಷೆಯಲ್ಲಿ ಮನೆ ಮನೆಗೆ ಹೋಗಿ ಮಾಡುವುದೂ ಇಷ್ಟನ್ನೇ. ಖಾಸಗಿಯಿಂದ ಬಂದವರಲ್ಲಿ ಇಂಗ್ಲಿಷ್ ಪಾಠವನ್ನು ಗಿಳಿಯಂತೆ ಓದಿ, ಒಂದು ವಾಕ್ಯದ ಅರ್ಥ ಹೇಳಲಾರದವರು ಇರುತ್ತಿದ್ದರು. ಸರ್ಕಾರಿಯಿಂದ ಬಂದವರಲ್ಲಿ ಕನ್ನಡವನ್ನೇ ಅಕ್ಷರ ಕೂಡಿಸಿ ಓದುವವರು ಇರುತ್ತಿದ್ದರು. ಎರಡೂ ಕಡೆಯಿಂದ ಸೊಗಸಾಗಿ ಬಂದವರೂ ಇರುತ್ತಿದ್ದರು. ನೀವು ಓದಿರದಿದ್ದರೂ ಇದನ್ನು ಮನೆಯಲ್ಲೇ ನೋಡಬಹುದು. ಪುಸ್ತಕ ಕೊಟ್ಟು ಓದು ಎನ್ನಿ, ಆಮೇಲೆ ಪುಸ್ತಕ ಮುಚ್ಚಿ, ಏನಿತ್ತು ಅದರಲ್ಲಿ ಹೇಳು ಮಗಾ ಎನ್ನಿ. ಕಥೆಯಾಗಿ ಹೇಳಿದರೆ ಕಲಿತಿದೆ. ತಡವರಿಸಿದರೆ ಮರುದಿನ ಶಾಲೆಗೆ ಹೋಗಿ, ಅದು ಯಾವ ಶಾಲೆಯಾದರೂ ಸರಿ. ಅಂಕಪಟ್ಟಿ ತೋರಿಸಿದರೆ ಅದನ್ನು ಪಕ್ಕಕ್ಕಿಟ್ಟು, ನನ್ನ ಮಗು ಓದಲಿ, ನಾನು ಕೇಳುತ್ತೇನೆ ಎಂದು ಹೇಳಿ.

ಕೊನೆಯದಾಗಿ ಬೆಂಗಳೂರು, ಹಾಸನ, ಮೈಸೂರಿನಿಂದ ಬಂದಿರುವ ಹಳೆಯ ವಿದ್ಯಾರ್ಥಿಗಳಿಗೆ. ಸುವರ್ಣ ಮಹೋತ್ಸವದ ನೆನಪಿಗೆ ಸ್ವಾಗತ ಕಮಾನು ಕಟ್ಟಿಸೋಣ ಎಂಬ ಮಾತು ಕಿವಿಗೆ ಬಿತ್ತು. ಕಮಾನು ಚೆಂದ. ಆದರೆ ಆನೆಯ ದಾರಿಯ ಮಾತಿಗೆ ಬರುತ್ತೇನೆ ಎಂದಿದ್ದೆನಲ್ಲ. ಒಳಗಿನ ತೋಟಗಳಿಂದ, ದೂರದ ಹಾಡಿಗಳಿಂದ ಬರುವ ಮಕ್ಕಳಿಗೆ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಓಡಾಡುವ ಒಂದು ಬಾಡಿಗೆ ಜೀಪು ಗೊತ್ತು ಮಾಡೋಣ. ಪ್ರಾಥಮಿಕ ಶಾಲೆಯ ಮಕ್ಕಳೂ ಅದರಲ್ಲೇ ಬರಲಿ. ಮಳೆಗಾಲದ ಮೂರು ತಿಂಗಳು ಮೊದಲು ಓಡಿಸಿ ನೋಡೋಣ. ಗಣಿತಕ್ಕೋ ಇಂಗ್ಲಿಷಿಗೋ ಹುದ್ದೆ ಖಾಲಿ ಬಿದ್ದ ವರ್ಷ, ಅತಿಥಿ ಶಿಕ್ಷಕರು ಬರುವತನಕ ಪಾಠ ಹೇಳಲು ಊರಿನ ಒಬ್ಬ ಪದವೀಧರ ಹುಡುಗಿಗೆ ಗೌರವಧನ ಕೊಡುವಷ್ಟು ಹಣ ಬ್ಯಾಂಕಿನಲ್ಲಿರಲಿ.

ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಎರಡು ಪುಸ್ತಕ ಇಟ್ಟಿದ್ದಾರೆ. ಒಂದರಲ್ಲಿ ಜೀಪಿನ ಬಾಬ್ತು ಕೊಡುವವರು ಹೆಸರು ಬರೆಸಬೇಕು, ನನ್ನದನ್ನು ಬೆಳಗ್ಗೆಯೇ ಬರೆದಿದ್ದೇನೆ. ಇನ್ನೊಂದರಲ್ಲಿ ಪೋಷಕರು, ಮುಂದಿನ ಜೂನಿಗೆ ನಾಲ್ಕು ವರ್ಷ ತುಂಬುವ ಮಕ್ಕಳು ಯಾವ ಮನೆಯಲ್ಲಿದ್ದಾರೆ, ಆ ಮನೆ ಯಾವ ದಾರಿಯಲ್ಲಿದೆ ಎಂದು ಬರೆಯಿರಿ. ಊಟಕ್ಕೆ ಹೋಗುವ ಮೊದಲೇ ಬರೆಯಿರಿ, ಊಟ ಆದ ಮೇಲೆ ಬಸ್ಸಿನ ಹೊತ್ತಾಗುತ್ತದೆ.